ತಾತನ ಮುದ್ರೆ ಬಿದ್ದ ಪುಸ್ತಕ

“ತಾತ, ಇಲ್ಲೊಂದು ಪುಸ್ತಕ ಇಟ್ಟಿದ್ದೆನಲ್ಲ, ಎಲ್ಲಿ?”

ಬುಗುರಿ ನೀರು ಕುಡಿದು ಬರುವಷ್ಟರಲ್ಲಿ ಮೇಜು ಖಾಲಿಯಾಗಿತ್ತು.

“ಇಲ್ಲಿದ್ದಿದ್ದಕ್ಕೆಲ್ಲ ಮುದ್ರೆ ಹೊಡ್ದು ಶೆಲ್ಫಿಗೆ ಸೇರಿಸ್ದೆ. ಹೇಗಿದೆ ಸ್ಪೀಡು?” ಎಂದರು ತಾತ, ರಬ್ಬರ್ ಸ್ಟಾಂಪನ್ನು ಇಂಕ್ ಪ್ಯಾಡಿಗೆ ಒತ್ತುತ್ತಾ.

ಅದು ಲೈಬ್ರರಿಯ ಪಕ್ಕದ ಕೋಣೆ. ಹಿಂದೆ ಅಲ್ಲಿ ಸೈಕಲ್ ನಿಲ್ಲಿಸುತ್ತಿದ್ದರು. ಈಗ ಅದು ಅಗ್ಗದ ಹಳೆ ಪುಸ್ತಕಗಳ ಅಂಗಡಿ. ಜನ ಓದಿ ಮುಗಿಸಿ ಕೊಟ್ಟ ಪುಸ್ತಕಗಳು, ಹಳೆಯದಾಯಿತೆಂದು ಲೈಬ್ರರಿಯವರೇ ತೆಗೆದುಹಾಕಿದ ಪುಸ್ತಕಗಳು, ಎಲ್ಲ ಅಲ್ಲಿಗೆ ಬಂದು ಸೇರುತ್ತವೆ. ಮಾರಿ ಬಂದ ದುಡ್ಡು ಲೈಬ್ರರಿಗೇ ಹೋಗುತ್ತದೆ. ಅಲ್ಲಿ ಯಾರಿಗೂ ಸಂಬಳವಿಲ್ಲ, ಬಿಡುವಿದ್ದವರು ಬಂದು ಕೆಲಸ ಮಾಡಿಕೊಡುತ್ತಾರೆ.

ಮಾರುವ ಪುಸ್ತಕದ ಮೊದಲ ಹಾಳೆಗೆ ‘ಮಾರಾಟಕ್ಕೆ’ ಎಂದು ಮುದ್ರೆ ಬೀಳಬೇಕು. ಆ ಕೆಲಸ ತಾತನದು. ಅದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಿಟೈರ್ ಆಗುವವರೆಗೂ ಪೋಸ್ಟ್ ಆಫೀಸಿನಲ್ಲಿ ಅವರು ಮಾಡಿದ್ದು ಅದನ್ನೇ. ಕಣ್ಣು ಕಿಟಕಿಯಾಚೆ ಇದ್ದರೂ ಕೈ ತನ್ನ ಪಾಡಿಗೆ ಟಪ್ ಟಪ್ ಎಂದು ಹೊಡೆಯುತ್ತಿತ್ತು. ಅವತ್ತು ಬೆಳಿಗ್ಗೆಯಷ್ಟೇ ಅಂಗಡಿ ನೋಡಿಕೊಳ್ಳುವ ಟೀಚರಮ್ಮನ ಊಟದ ಡಬ್ಬಿಯೂ ‘ಮಾರಾಟಕ್ಕೆ’ ಆಗಿತ್ತು.

ಬುಗುರಿ ಶೆಲ್ಫನ್ನೆಲ್ಲ ಜಾಲಾಡಿದಳು. ಮೇಲೆ ಇಲ್ಲ, ಕೆಳಗೆ ಇಲ್ಲ.

“ಹಡಗು ಹತ್ತಿದ ಏಳು ಬೆಕ್ಕು ಅಂತ ಇತ್ತು. ಹಸಿರು ರಟ್ಟು.”

“ಅದಾ? ಇಟ್ಟ ಕೂಡ್ಲೇ ಹೋಯ್ತು. ಒಬ್ಬ ಕೆಂಪು ಟೋಪಿ ಹುಡುಗ ಕುಣ್ಕೊಂಡು ತಗೊಂಡು ಹೋದ.” ತಾತನ ಮುಖ ಅರಳಿತ್ತು. “ಇವತ್ತಿನ ಮೊದಲ್ನೇ ವ್ಯಾಪಾರ ನಂದೇ.”

ಬುಗುರಿಗೆ ಗಾಬರಿಯಾಯಿತು. ಅದು ಮಾರುವ ಪುಸ್ತಕವಲ್ಲ. ಅವಳು ತನ್ನ ಕಾರ್ಡಿನ ಮೇಲೆ ಓದಲು ತಂದ ಲೈಬ್ರರಿ ಪುಸ್ತಕ. ಇನ್ನೆರಡು ಅಧ್ಯಾಯ ಬಾಕಿಯಿತ್ತು.

ಹೇಳಲೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ತಾತ ಬಂದ ಮೊದಲ ದಿನವೇ ಟೀಚರಮ್ಮ ಹೇಳಿದ್ದು ನೆನಪಾಯಿತು. “ಓದೋಕೆ ಕೊಟ್ಟ ಲೈಬ್ರರಿ ಪುಸ್ತಕ ಮಾತ್ರ ಮಾರಬಾರದು. ಮಾರಿದವ್ರನ್ನ ನಾನು ಇಟ್ಕೊಳ್ಳಲ್ಲ.” ಅವರು ಕನ್ನಡಕದ ಮೇಲಿಂದ ನೋಡುತ್ತಾ ಹೇಳಿದ್ದರು.

ಇಟ್ಟುಕೊಳ್ಳದಿದ್ದರೆ ತಾತ ಮತ್ತೆ ಮನೆಯಲ್ಲೇ. ರಿಟೈರ್ ಆದ ಮೇಲಿನ ದಿನಗಳನ್ನು ನೆನೆದರೆ ಬುಗುರಿಗೆ ಈಗಲೂ ಸಂಕಟವಾಗುತ್ತದೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿ ಅಮ್ಮನ ತಲೆ ತಿಂದಿದ್ದರು. ಹಾಲಿನವನು ಬರುವ ಹೊತ್ತಿಗೆ ಗಡಿಯಾರ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅದೆಲ್ಲ ಮುಗಿದ ಮೇಲೆ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂರುತ್ತಿದ್ದರು. ಹಾಗೆ ಕೂತ ತಾತನನ್ನು ಕಂಡರೆ ಅವಳಿಗೆ ಅಳು ಬರುತ್ತಿತ್ತು. ಈಗ ನೋಡಿದರೆ ಶನಿವಾರ ಬೆಳಗಾಗುವುದನ್ನೇ ಕಾಯುತ್ತಾರೆ, ಶಿಳ್ಳೆ ಹಾಕುತ್ತಾ ಬೂಟಿಗೆ ಪಾಲಿಶ್ ಹಚ್ಚುತ್ತಾರೆ.

ಅಷ್ಟರಲ್ಲಿ ಲೈಬ್ರರಿಯನ್ ಮೇಡಂ ಒಂದು ಹೊರೆ ಹಳೆ ಪುಸ್ತಕ ಹೊತ್ತುಕೊಂಡು ಬಂದರು.

“ಬುಗುರಿ, ಏಳು ಬೆಕ್ಕು ಎಲ್ಲಮ್ಮಾ? ಇವತ್ತು ಲಾಸ್ಟ್ ಡೇಟು. ಒಬ್ಬ ಹುಡುಗ ಅದಕ್ಕೇ ಕಾದು ಕಾದು ಸುಸ್ತಾಗಿದ್ದಾನೆ.”

ಟೀಚರಮ್ಮ ತಲೆಯೆತ್ತಿ ನೋಡಿದರು. ತಾತನ ಸ್ಟಾಂಪು ಟಪ್ ಟಪ್ ಎನ್ನುತ್ತಲೇ ಇತ್ತು.

“ಕಳೆದೋಯ್ತು ಮೇಡಂ,” ಎಂದಳು ಬುಗುರಿ. “ಬರುವಾಗ ಬಸ್ಸಲ್ಲಿ ಬಿಟ್ಟುಬಿಟ್ಟೆ.”

“ಅಯ್ಯೋ. ಹೊಸದು ತಂದುಕೊಡೋವರೆಗೂ ನಿನ್ನ ಕಾರ್ಡು ಬಂದ್ ಆಗುತ್ತಲ್ಲಮ್ಮಾ.”

“ಆಗಲಿ ಮೇಡಂ.”

ಕಾರ್ಡಿಲ್ಲದ ದಿನಗಳು ಬುಗುರಿಯ ಕಣ್ಮುಂದೆ ಬಂದವು. ಆದರೂ ಅವಳು ಅಲುಗಾಡದೆ ನಿಂತಳು. ಅವಳು ಅಲುಗಾಡದೆ ನಿಲ್ಲುವುದೇ ಅಪರೂಪ. ಅದಕ್ಕೇ ಎಲ್ಲರೂ ಬುಗುರಿ ಅಂತ ಕರೆಯುವುದು.

ಸ್ಟಾಂಪಿನ ಸದ್ದು ನಿಂತಿತು.

“ಯಾವ ಬಸ್ಸೇ? ನಾವು ನಡ್ಕೊಂಡು ಬಂದ್ವಲ್ಲ,” ಎಂದರು ತಾತ.

ಬುಗುರಿ ನಾಲಿಗೆ ಕಚ್ಚಿಕೊಂಡಳು. ತಾತ ಅವಳ ಮುಖ ನೋಡಿದರು, ಖಾಲಿ ಮೇಜು ನೋಡಿದರು, ಕೈಯಲ್ಲಿದ್ದ ಸ್ಟಾಂಪು ನೋಡಿದರು. ಅವರ ಕಿವಿ ಕೆಂಪಗಾಯಿತು. ಮುಗಿಯಿತು ಅಂದುಕೊಂಡಳು ಬುಗುರಿ. ಅವಳಿಗೆ ಮತ್ತೆ ಆ ಗೋಡೆ, ಆ ಕುರ್ಚಿ ಕಂಡವು.

ತಾತ ಎದ್ದು ನಿಂತರು.

“ಮೇಡಂ, ಪುಸ್ತಕ ಕಳೆದಿಲ್ಲ. ನಾನು ಮಾರಿದೀನಿ. ಒಳಗೆ ಏನಿದೆ ಅಂತ ನೋಡಲೇ ಇಲ್ಲ, ಕೈ ಸುಮ್ನೆ ಹೊಡ್ಕೊಂಡು ಹೋಯ್ತು. ತಪ್ಪು ನಂದು, ಮಗೂದಲ್ಲ.”

ಟೀಚರಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಪೋಸ್ಟ್‌ಮಾಸ್ಟ್ರೇ, ನೀವಾದ್ರೂ ಪರವಾಗಿಲ್ಲ. ಹೋದ ವರ್ಷ ಈ ಮೇಡಂ ಮನೆಯಿಂದ ತಂದಿದ್ದ ಹೊಲಿಗೆ ಪುಸ್ತಕಾನ ನಾನು ಇವ್ರಿಗೇ ಮಾರಿದ್ದೆ.”

“ನಾನೂ ದುಡ್ಡು ಕೊಟ್ಟು ತಗೊಂಡೆ. ಮನೆಗೆ ಹೋಗಿ ತೆಗೆದು ನೋಡ್ತೀನಿ, ಒಳಗೆ ನನ್ನದೇ ಹೆಸರು,” ಎಂದರು ಲೈಬ್ರರಿಯನ್ ಮೇಡಂ.

ಮೊದಲು ನಕ್ಕಿದ್ದು ತಾತ. ಎಷ್ಟು ನಕ್ಕರೆಂದರೆ ಮೇಜಿಗೆ ಕೈ ಊರಬೇಕಾಯಿತು. “ಇನ್ಮೇಲೆ ಒಳಗೆ ನೋಡಿ ಹೊಡೀರಿ, ಅಷ್ಟೇ,” ಎಂದರು ಟೀಚರಮ್ಮ.

ಕೆಂಪು ಟೋಪಿ ಹುಡುಗ ದೂರವೇನೂ ಹೋಗಿರಲಿಲ್ಲ. ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದ. ಇಷ್ಟು ದಿನ ಏಳು ಬೆಕ್ಕಿಗಾಗಿ ಕಾದವನು ಅವನೇ.

“ಹಾಗಾದ್ರೆ ಇದು ನಂದಲ್ವಾ?” ಎಂದು ಪುಸ್ತಕವನ್ನು ಎದೆಗೆ ಅವಚಿಕೊಂಡ.

ತಾತ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ನಡೆದದ್ದನ್ನೆಲ್ಲ ಹೇಳಿ, “ನನ್ನಿಂದ ತಪ್ಪಾಯ್ತಪ್ಪಾ,” ಎಂದರು. ದುಡ್ಡು ವಾಪಸ್ ಕೊಟ್ಟರು. ಪುಸ್ತಕವನ್ನು ಓದಲು ಅವನಿಗೇ ಕೊಡುವುದೆಂದಾಯಿತು, ಸರದಿ ಹೇಗೂ ಅವನದಿತ್ತು. ಬುಗುರಿಯ ಎರಡು ಅಧ್ಯಾಯ ಮಾತ್ರ ಹಾಗೇ ಉಳಿಯಿತು.

“ಕೊನೇಲಿ ಏನಾಗುತ್ತೆ ಅಂತ ನಂಗೆ ಹೇಳ್ಬೇಡ,” ಎಂದಳು ಅವನಿಗೆ. ಅವನು ಆಗಲೇ ಹಾಳೆಯೊಳಗೆ ಮುಳುಗಿದ್ದ.

ಮನೆಗೆ ನಡೆಯುವಾಗ ತಾತ ಕೇಳಿದರು, “ಬಸ್ಸು ಅಂತ ಯಾಕೆ ಹೇಳ್ದೆ?”

“ಅವ್ರು ನಿಂಗೆ ಬರಬೇಡಿ ಅಂದುಬಿಟ್ರೆ?”

“ಅಂದ್ರೆ ಅನ್ನಲಿ. ಬೇಜಾರಾಗ್ತಿತ್ತು. ಅದಕ್ಕೆ ನಿನ್ನ ಕಾರ್ಡು ಕೊಟ್ಟುಬಿಡೋದಾ? ನಾನೇನು ಗಾಜಿನ ಲೋಟಾನಾ, ಕೆಳಗೆ ಬಿದ್ರೆ ಚೂರಾಗೋಕೆ?”

ಬುಗುರಿ ತಾತನ ಕೈ ಹಿಡಿದುಕೊಂಡು ನಡೆದಳು. ಇಂಕು ಮೆತ್ತಿದ ಆ ಕೈ ಗಟ್ಟಿಯಾಗಿತ್ತು.

ಅಮ್ಮ ಬಾಗಿಲು ತೆರೆದು, “ಏನು, ಇಬ್ರೂ ಇಷ್ಟು ಲೇಟು?” ಎಂದಳು.

ಬುಗುರಿಯ ತುದಿನಾಲಿಗೆಯ ಮೇಲೆ ನೆಪವೊಂದು ಆಗಲೇ ಬಂದಿತ್ತು. ಅವಳು ಅದನ್ನು ನುಂಗಿಕೊಂಡು ಪಕ್ಕಕ್ಕೆ ಸರಿದು, ತಾತನಿಗೆ ದಾರಿ ಬಿಟ್ಟಳು.

“ಇವತ್ತು ನಾನು ಏನು ಮಾಡಿದೆ ಗೊತ್ತಾ?” ಎಂದು ತಾತ ಚಪ್ಪಲಿ ಸ್ಟ್ಯಾಂಡಿನ ಹತ್ತಿರವೇ ಶುರುಮಾಡಿದರು, ಬೂಟನ್ನೂ ಬಿಚ್ಚದೆ.