ದೊಡ್ಡಪತ್ರೆಯ ರಸ

ಕಳೆದ ಜನವರಿಯ ಒಂದು ಭಾನುವಾರ, ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಹಾಡಹಗಲೇ ನಡೆದದ್ದು ಇದು. ಹೆಂಡತಿ ಊರಿಗೆ ಹೋಗಿದ್ದಳು. ಐದು ವರ್ಷದ ಮಗಳು ಅದಿತಿಗೆ ಮೂರು ದಿನದಿಂದ ಉಸಿರು ಕಟ್ಟುವಂಥ ಕೆಮ್ಮು. ಡಾಕ್ಟರು ಕೊಟ್ಟ ಸಿರಪ್‌ಗೂ ಜಗ್ಗಿರಲಿಲ್ಲ. ದೊಡ್ಡಪತ್ರೆ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕುಡಿಸಿ, ಬಾಡಿದ ಎಲೆಯನ್ನು ನೆತ್ತಿಗಿಡುವುದು ನಮ್ಮ ಮನೆಯ ರೂಢಿ. ಆದರೆ ಬಾಲ್ಕನಿಯ ಗಿಡ ದಿಲ್ಲಿಯ ಚಳಿಗೆ ಕರಕಲಾಗಿತ್ತು.

ಪಕ್ಕದ ಮನೆಯ ಅಮ್ಮಣ್ಣಿಯವರನ್ನು ಮಗಳ ಬಳಿ ಕೂರಿಸಿ, ಎರಡು ತಾಸು ನರ್ಸರಿಗಳನ್ನು ಸುತ್ತಿದೆ. ಎಲ್ಲೂ ಸಿಗಲಿಲ್ಲ. ಬರಿಗೈಯಲ್ಲಿ ಮರಳಿ ಬೆಲ್ ಒತ್ತಿದೆ.

ಬಾಗಿಲು ತೆರೆದ ಅಮ್ಮಣ್ಣಿ ನನ್ನನ್ನೊಮ್ಮೆ, ಅಡುಗೆಮನೆಯನ್ನೊಮ್ಮೆ ನೋಡಿದರು.

"ಒಳಗೇ ಇದ್ರಲ್ಲ ಇಂದುಶೇಖರ್? ಹೊರಗೆ ಯಾವಾಗ ಹೋದ್ರಿ?"

"ನಾನಾ? ಈಗ ತಾನೇ ಬರ್ತಿದೀನಿ."

"ಮತ್ತೆ ಮಗೂಗೆ ರಸ ಕುಡಿಸಿದ್ದು ಯಾರು? ಒಂದು ಮಾತೂ ಆಡಲಿಲ್ಲ ನೀವು."

ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಕಾವಲಿ ಬೆರಳು ಸುಡುವಷ್ಟು ಬಿಸಿಯಾಗಿತ್ತು. ಮನೆಯಿಡೀ ದೊಡ್ಡಪತ್ರೆಯ ಘಾಟು. ಬಾಡಿದ ಎಲೆಯೊಂದು ಮಗಳ ನೆತ್ತಿಯ ಮೇಲಿತ್ತು. ತುಟಿ ಜೇನಿನಿಂದ ಅಂಟಂಟಾಗಿತ್ತು.

"ಪಪ್ಪಾ, ನಿಮ್ಮ ಕೈ ಯಾಕೆ ಅಷ್ಟು ಠಂಡಾ ಇತ್ತು, ಐಸ್ ಥರ?" ಎಂದು ಕೇಳಿ ನಿದ್ದೆಹೋದಳು.

ಕೆಮ್ಮು ಅಂದೇ ನಿಂತಿತು. ಮಗು ಗುಣವಾದದ್ದಕ್ಕೆ ಕೈಮುಗಿಯಬೇಕೋ ಹೆದರಬೇಕೋ ನನಗಿನ್ನೂ ತಿಳಿದಿಲ್ಲ.

ಮೊನ್ನೆ ಅವಳಿಗೆ ಮತ್ತೆ ಕೆಮ್ಮು ಬಂತು. ಚಮಚದಲ್ಲಿ ಸಿರಪ್ ಹಿಡಿದು ಹತ್ತಿರ ಹೋದರೆ ಮುಖ ತಿರುಗಿಸಿದಳು.

"ನೀವಲ್ಲ. ಅವತ್ತಿನ ದೂಸ್ರಾ ಪಪ್ಪಾ ಬರ್ಲಿ."