ಕಾವಲಿನ ಚೀಟಿ

"ಚೀಟಿ ಕೊಡಿ ಅಕ್ಕ. ಅವರ ಹೆಂಡತಿ ನಾನು, ನೀವಲ್ಲ."

ಇಲೊಯಿಲೊ ಪಟ್ಟಣದ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ತೀವ್ರ ನಿಗಾ ಘಟಕದೊಳಗೆ ರೋಗಿಗೊಬ್ಬರೇ ಕಾವಲು. ಕೊರಳಲ್ಲಿ ಹಳದಿ ಚೀಟಿ ಇದ್ದವರಿಗಷ್ಟೇ ಪ್ರವೇಶ. ನೆಮೆಸಿಯೊನ ಕರುಳು ಒಡೆದು, ಹೊಟ್ಟೆ ಸೀಳಿ ಹೊಲಿದು, ಪಕ್ಕೆಗೊಂದು ಕೊಳವೆ ಇಳಿಬಿಟ್ಟು ನಾಲ್ಕು ದಿನ. ನಾಲ್ಕು ದಿನವೂ ಚೀಟಿ ಅವನ ಅಕ್ಕ ಕ್ರಿಸಾಂತಾಳ ಕೊರಳಲ್ಲೇ ಇತ್ತು. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು, ನಿಜ... ಆದರೆ ಪ್ರಜ್ಞೆ ತಪ್ಪುವ ಮುಂಚೆ ಅವನು ಕೂಗಿದ್ದೂ 'ಅಕ್ಕಾ' ಎಂದೇ! ಆ ಕೂಗು ಹೆಂಡತಿ ಲುದಿವಿನಾಳ ಎದೆಯಲ್ಲಿ ಮುಳ್ಳಾಗಿ ಮುರಿದುಕೊಂಡಿತ್ತು.

ಕ್ರಿಸಾಂತಾ ಚೀಟಿ ತೆಗೆದುಕೊಟ್ಟಳು. "ತಗೊಳಮ್ಮ ಮಹಾರಾಣಿ. ಆದ್ರೆ ಆ ಕೊಳವೆ ಚೀಲ..."

"ನಂಗೊತ್ತು ಬಿಡಿ."

ಒಳಗೆ ಲುದಿವಿನಾ ಗಂಡನ ಕೈ ಹಿಡಿದು ಕೂತಳು. ಮಂಚದ ಅಂಚಿನ ಚೀಲದಲ್ಲಿ ಹಸಿರು ದ್ರವ. ಹೀಗೇ ಇರುವುದೇನೋ ಅಂದುಕೊಂಡಳು. ಕೇಳಬಹುದಿತ್ತು. ಆದರೆ ಗಾಜಿನಾಚೆ ನಿಂತವಳನ್ನು ಕೇಳುವುದೆಂದರೆ ಸೋತಂತೆ.

ಮಧ್ಯಾಹ್ನ ಹೊರಬಂದಾಗ ಕ್ರಿಸಾಂತಾ ಅನ್ನ, ಒಣಮೀನಿನ ಪೊಟ್ಟಣ ಮುಂದೆ ಹಿಡಿದಳು. "ತಿನ್ನು. ನನ್ನ ಮೇಲಿನ ಸಿಟ್ಟು ಅನ್ನದ ಮೇಲೆ ಬೇಡ. ಚೀಲದ ನೀರು ಹೇಗಿದೆ?"

"ನಿಮಗ್ಯಾಕೆ?"

"ನಿನ್ನೆ ತನಕ ತಿಳಿ ಚಹಾದ ಹಾಗಿತ್ತು. ಈಗ?"

ತುತ್ತು ಕೈಯಲ್ಲೇ ಉಳಿಯಿತು. "ಹಸಿರು... ಬೆಳಿಗ್ಗೆಯಿಂದ."

"ಅಯ್ಯೋ ಹುಡುಗಿ, ಹಸಿರಾದ್ರೆ ಒಳಗಿನ ಹೊಲಿಗೆ ಬಿಟ್ಟಿದೆ, ತಕ್ಷಣ ಕರೀರಿ ಅಂದಿದ್ರು ಡಾಕ್ಟ್ರು. ಓಡು, ಚೀಟಿ ನಿನ್ನ ಹತ್ರ ಇದೆ!"

ಓಡಿದಳು. ಡಾಕ್ಟರು ನೋಡಿ ಬಾಗಿಲಿಗೇ ಕಾಗದ ತಂದರು. "ಮತ್ತೆ ಹೊಟ್ಟೆ ತೆರೀಬೇಕು. ತೆರೆದ್ರೆ ಅಪಾಯ, ತೆರೀದಿದ್ರೆ ಉಳಿಯಲ್ಲ. ಹೆಂಡತಿ ಸಹಿ ಬೇಕು."

ಬಯಸಿದ ಹಕ್ಕು ಕೈಗೆ ಬಂದಿತ್ತು. ಪೆನ್ನು ತೆಗೆದುಕೊಂಡವಳು ಸಹಿಯ ಗೆರೆಯ ಮೇಲೆ ತಡೆದಳು. "ನಾನು ಬೆಳಿಗ್ಗೆನೇ ಹೇಳಿದ್ದಿದ್ರೆ..."

ಒರಟು ಕೈಯೊಂದು ಹಿಂದಿನಿಂದ ಭುಜ ಹಿಡಿಯಿತು. "ಹೇಳ್ಲಿಲ್ಲ. ಈಗ ಸಹಿ ಹಾಕು," ಎಂದಳು ಕ್ರಿಸಾಂತಾ.

ಸಂಜೆ ಅವನನ್ನು ಮರಳಿ ತಂದರು. ಮತ್ತೆ ತೆರೆಯಬೇಕಾದೀತೆಂದು ಈ ಸಲ ಹೊಟ್ಟೆ ಹೊಲಿದಿರಲಿಲ್ಲ. ಗಾಯದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಬದುಕುತ್ತಾನೆಂದು ಯಾರೂ ಹೇಳಲಿಲ್ಲ. ಇನ್ನೂ ಇದ್ದಾನೆ ಅಂದರು.

ಲುದಿವಿನಾ ಚೀಟಿಯನ್ನು ಕ್ರಿಸಾಂತಾಳ ಕೊರಳಿಗೆ ಹಾಕಿದಳು. "ನಂಗೂ ಕಲಿಸಿ ಅಕ್ಕ, ಬಣ್ಣ ನೋಡೋದು."

"ಕಲಿಸ್ತೀನಿ. ಮೊದ್ಲು ಆ ಅನ್ನ ತಿನ್ನು, ತಂಗಳಾಯ್ತು."

ಗಾಜಿನಾಚೆ ಕ್ರಿಸಾಂತಾ ಬಾಗಿ ತಮ್ಮನ ಹಣೆ ಒರೆಸಿದಳು. ಲುದಿವಿನಾಳ ಎದೆ ಮತ್ತೆ ಚುರುಕ್ಕೆಂದಿತು. ತಣ್ಣನೆಯ ಅನ್ನ ಅಗಿಯುತ್ತ, ಕಣ್ಣು ಕೀಳದೆ, ಅವಳು ಆ ಕೈಗಳನ್ನು ನೋಡಿ ಕಲಿಯತೊಡಗಿದಳು.