ರಾಣಿ, ಕತ್ತೆ ಮತ್ತು ಭಾಮೈದ

ಬ್ರೇಕ್ ಪೆಡಲ್ ನೆಲ ಮುಟ್ಟಿತು!

ಇನ್ನೊಮ್ಮೆ ಒತ್ತಿದೆ. ಏನೂ ಇಲ್ಲ... ಒದ್ದೆ ಸ್ಪಂಜು ತುಳಿದ ಹಾಗೆ.

ಕಡಿದಾದ ಇಳಿಜಾರು. ಕೆಳಗೆ ರಸ್ತೆಗೆ ಅಡ್ಡಲಾಗಿ ನಿಂತ ನೀರಿನ ಟ್ಯಾಂಕರ್. ಎಡಕ್ಕೆ ಉದ್ದನೆಯ ಕಾಂಪೌಂಡ್ ಗೋಡೆ. ಬಲಕ್ಕೆ ಎದುರಿನಿಂದ ಬರುವ ಗಾಡಿಗಳ ಸಾಲು.

ಕೈಕಾಲು ಬಿಡುವವನು ನಾನಲ್ಲ. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಸಿದೆ. ಇಂಜಿನ್ ಅರಚಿತು. ಹ್ಯಾಂಡ್‌ಬ್ರೇಕ್ ಎಳೆದೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿ ಗಾಡಿಯನ್ನು ಗೋಡೆಗೆ ಉಜ್ಜಿದೆ. ಕನ್ನಡಿ ಹಾರಿತು. ಬಾಗಿಲು ಕಿತ್ತು ಬಂತು...

ಟ್ಯಾಂಕರಿಗೆ ಒಂದು ಮೊಳ ಇರುವಾಗ ಗಾಡಿ ನಿಂತಿತು.

ಬಾಯಲ್ಲಿ ರಕ್ತ. ಉಗಿದರೆ ಅಂಗೈಗೆ ಒಂದು ಹಲ್ಲು ಬಂತು. ಜೇಬಿಗೆ ಹಾಕಿಕೊಂಡೆ. ನನ್ನದೇ ಹಲ್ಲು, ಬಿಸಾಡುವುದೇಕೆ?

ಇಳಿದು, ಬಗ್ಗಿ ನೋಡಿದೆ. ಮುಂದಿನ ಚಕ್ರದ ಹಿಂದೆ ಬ್ರೇಕ್ ಪೈಪ್ ಅರ್ಧ ತುಂಡಾಗಿತ್ತು. ಸವೆದು ಹರಿದದ್ದಲ್ಲ, ಕಟಿಂಗ್ ಪ್ಲೇಯರ್ ಕಚ್ಚಿದ ಗುರುತು. ಮನೆ ಬಾಗಿಲಲ್ಲಿ ಒಂದೆರಡು ಸಲ ಹಿಡಿಯಲಿ, ಇಳಿಜಾರಿಗೆ ಬಂದಾಗ ಕೈಕೊಡಲಿ ಅಂತ.

ಯಾರೋ ನನ್ನನ್ನು ಕೊಲ್ಲಲು ಹೊರಟಿದ್ದರು. ಅದೇನೂ ಹೊಸದಲ್ಲ ಬಿಡಿ! ಆದರೆ ಈ ಗಾಡಿಯಲ್ಲಿ? ಅದು ಹೊಸದು.

ನಾನು ಪೊಲೀಸನಲ್ಲ, ವಕೀಲನೂ ಅಲ್ಲ. ಅವರಿಬ್ಬರೂ ಕೈ ಚೆಲ್ಲಿದ ಮೇಲೆ ಜನ ನನ್ನ ಆಫೀಸಿಗೆ ಬರುತ್ತಾರೆ. ಓಡಿಹೋದವನನ್ನು ಹಿಡಿದು ತರುತ್ತೇನೆ. ಬಾಯಿ ಬಿಡದವನ ಬಾಯಿ ಬಿಡಿಸುತ್ತೇನೆ.

ಆ ಕೆಲಸಕ್ಕೆ ನನ್ನ ಹತ್ತಿರ ರಾಣಿ ಇದ್ದಳು. ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಕಪ್ಪು ಗಾಜು. ಅವಳು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಎದುರಾಳಿಯ ಅರ್ಧ ಧೈರ್ಯ ಅಲ್ಲೇ ಇಳಿಯುತ್ತಿತ್ತು.

ಆದರೆ ದಿನಾ ಆಫೀಸಿಗೆ? ಅಯ್ಯೋ, ಬೇಡಪ್ಪ! ಪ್ರತಿ ರೋಡ್ ಹಂಪ್‌ಗೂ ಹೊಟ್ಟೆ ಉಜ್ಜಿಕೊಳ್ಳುತ್ತಾಳೆ. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಬಿಸಿಯೇರುತ್ತಾಳೆ. ಪೆಟ್ರೋಲು ನೀರು ಕುಡಿದ ಹಾಗೆ ಕುಡಿಯುತ್ತಾಳೆ. ಅದಕ್ಕೇ ಕತ್ತೆಯನ್ನು ಕೊಂಡೆ. ಹಲವು ಕೈ ಬದಲಾದ ಸಣ್ಣ ಕಾರು. ಮೈಯೆಲ್ಲ ಬೂದು ಬಣ್ಣ, ಹಿಂದಿನ ಒಂದು ಬಾಗಿಲು ಮಾತ್ರ ಬಿಳಿ. ವೈಪರ್ ಒಂದೇ. ಊರಿಗೆಲ್ಲ ರಾಣಿ ಗೊತ್ತು. ಕತ್ತೆಯಲ್ಲಿ ಹೋಗುವವನು ನಾನೆಂದು ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅದರಿಂದಲೇ ನಾನಿನ್ನೂ ಉಸಿರಾಡುತ್ತಿದ್ದೆ.

ಸೇತುವೆಯ ಬುಡದಲ್ಲಿ ಲಾರಿ ಯಾರ್ಡ್ ಇಟ್ಟುಕೊಂಡವನೊಬ್ಬನಿದ್ದಾನೆ. ಬೆಳ್ಳಿಹಲ್ಲು ಅಂತ ಕರೆಯುತ್ತಾರೆ. ಅಡಗಿ ಕೂತಿದ್ದ ಅವನ ತಮ್ಮನನ್ನು ಅಟ್ಟದಿಂದ ಕಾಲು ಹಿಡಿದು ಎಳೆದು ಪೊಲೀಸರಿಗೆ ಒಪ್ಪಿಸಿದ್ದೆ. ಆ ದಿನವೇ ಫೋನ್ ಬಂತು.

"ನಿನ್ನ ಕೆಂಪು ಗಾಡಿ ಸೇತುವೆ ಹತ್ತಲಿ, ನೋಡ್ಕೋತೀನಿ! ಒಳಗೆ ಯಾರಿದಾರೆ ಅಂತ ಕೂಡ ಕೇಳಲ್ಲ!"

ಬೆಳ್ಳಿಹಲ್ಲು ಆಡಿದ ಮಾತಿಗೆ ತಪ್ಪುವವನಲ್ಲ. ರಾಣಿಯನ್ನು ಶೆಡ್ಡಿಗೆ ಸೇರಿಸಿ ಕವರ್ ಹೊದಿಸಿದೆ. ಮನೆಯಲ್ಲಿ ಕಾರಣ ಹೇಳಲಿಲ್ಲ, ಹೆಂಡತಿ ಹೆದರುತ್ತಾಳೆ.

ಮನೆಯಲ್ಲಿ ನಾವು ಮೂವರು. ನಾನು, ಹೆಂಡತಿ, ಅವಳ ತಮ್ಮ. ನನ್ನ ಭಾಮೈದನಿಗೆ ಮಹಡಿಯ ಮೇಲೆ ಬಿಟ್ಟಿ ಊಟ, ಬಿಟ್ಟಿ ನಿದ್ದೆ. ಕವರ್ ಸರಿಸಿ ರಾಣಿಯನ್ನು ಒರೆಸುವುದೊಂದೇ ಕೆಲಸ.

"ಭಾವ, ಸುಮ್ನೆ ನಿಂತಿದೆಯಲ್ಲ. ಒಂದ್ ರೌಂಡ್ ಹೋಗ್ಬರ್ಲಾ?"

"ಮುಟ್ಟಿದ್ರೆ ಕೈ ಮುರೀತೀನಿ!"

"ಒಂದ್ಸಲ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?" ಹೆಂಡತಿ ನಡುವೆ ಬಾಯಿ ಹಾಕುತ್ತಿದ್ದಳು. "ನನ್ನ ತಮ್ಮ ಅಂದ್ರೆ ನಿಮಗೆ ಯಾವಾಗ್ಲೂ ಅಷ್ಟಕ್ಕಷ್ಟೇ."

ನಾನು ಅವನ ಜೀವ ಕಾಯುತ್ತಿದ್ದೇನೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಕತ್ತೆಯನ್ನು ಅಲ್ಲೇ ರಸ್ತೆ ಬದಿಗೆ ತಳ್ಳಿಸಿ, ನಡೆದೇ ಮನೆಗೆ ಬಂದೆ. ನೇರ ಶೆಡ್ಡಿಗೆ!

ಶೆಡ್ಡು ಇಕ್ಕಟ್ಟು. ಎರಡು ಗಾಡಿ ನಿಂತರೆ ನಡುವೆ ಮೈ ಓರೆ ಮಾಡಿಕೊಂಡು ಹೋಗಬೇಕು. ಕತ್ತೆ ನಿಲ್ಲುವ ಜಾಗದಲ್ಲಿ ಆಯಿಲ್ ಹರಡಿತ್ತು. ಸರಿ, ಕೆಲಸ ಇಲ್ಲೇ ಆಗಿದೆ.

ಆಮೇಲೆ ರಾಣಿಯ ಕಡೆ ತಿರುಗಿದೆ.

ಕವರಿನ ಮೇಲೆ ಇನ್ನೊಂದು ಹೊದಿಕೆ! ದಪ್ಪ ನೀಲಿ ಬೆಡ್‌ಶೀಟು. ಅದೂ ಕತ್ತೆಯ ಕಡೆಗಿದ್ದ ಮಗ್ಗುಲಿಗೆ ಮಾತ್ರ. ಅದರ ಮೇಲೆ ಮೊಣಕಾಲೆತ್ತರದಲ್ಲಿ ಆಯಿಲ್ ಸಿಡಿದ ಕಲೆ.

ಬ್ರೇಕ್ ಆಯಿಲ್ ತಗುಲಿದರೆ ಪೇಂಟ್ ಎದ್ದು ಬರುತ್ತದೆ. ಗಾಡಿಯ ಹುಚ್ಚಿದ್ದವರಿಗೆಲ್ಲ ಅದು ಗೊತ್ತು.

ಯೋಚಿಸಿ ನೋಡಿ. ಬೆಳ್ಳಿಹಲ್ಲಿನ ಕಡೆಯವನಾಗಿದ್ದರೆ ರಾಣಿಗೆ ಬೆಂಕಿ ಇಡುತ್ತಿದ್ದ. ನನ್ನನ್ನು ಕೊಲ್ಲಲು ಬಂದವನಿಗೆ ನನ್ನ ಕಾರಿನ ಬಣ್ಣದ ಚಿಂತೆ ಯಾಕೆ? ಹಾವೂ ಸಾಯಬೇಕು, ಕೋಲೂ ಮುರಿಯಬಾರದು... ಆ ಕೋಲು ನಾಳೆ ತನ್ನ ಕೈಗೆ ಬರುತ್ತದೆ ಅಂದುಕೊಂಡವನ ಕೆಲಸ ಇದು!

ಬೆಡ್‌ಶೀಟು ಯಾರದೆಂದು ಕೇಳಬೇಕಾಗಿರಲಿಲ್ಲ. ಭಾಮೈದನ ಮಂಚಕ್ಕೆ ನಾನೇ ತಂದುಕೊಟ್ಟದ್ದು. ತೆಗೆದಿಡಲು ಸೋಮಾರಿತನ. ನಾನು ಇಷ್ಟು ಬೇಗ ಬರುತ್ತೇನೆಂದು ಅವನು ಎಣಿಸಿರಲಿಲ್ಲ. ಬರುತ್ತೇನೆಂದೇ ಎಣಿಸಿರಲಿಲ್ಲ!

ಉಂಡ ಮನೆಯ ಜಂತೆ ಎಣಿಸುವ ಎಷ್ಟೋ ಮಂದಿಯನ್ನು ಹಿಡಿದು ಕೊಟ್ಟಿದ್ದೇನೆ. ಒಬ್ಬನನ್ನು ನನ್ನ ಮನೆಯಲ್ಲೇ ಸಾಕಿದ್ದೆ.

ಬೆಡ್‌ಶೀಟನ್ನು ಮಡಚಿ ಮೂಲೆಗೆ ತುರುಕಿದೆ. ಬಾಯಿ ತೊಳೆದುಕೊಂಡು ಒಳಗೆ ಹೋದೆ. ಅವನು ಮೆಟ್ಟಿಲ ಮೇಲೆ ಕೂತಿದ್ದ, ಫೋನನ್ನೇ ನೋಡುತ್ತಾ... ಕೆಟ್ಟ ಸುದ್ದಿಗೆ ಕಾಯುತ್ತಾ!

"ಭಾವ!... ನೀವು... ಇಷ್ಟ್ ಬೇಗ?"

"ಕತ್ತೆ ಕೆಟ್ಟು ನಿಂತಿದೆ ಕಣೋ. ಬೆಳಿಗ್ಗೆ ಶೆಡ್ಡಿಗೆ ಹೋಗಿದ್ಯಾ?"

"ಇಲ್ಲಪ್ಪ! ಈಗ ತಾನೇ ಎದ್ದೆ."

ನಿಜ ಹೇಳಿದ್ದರೆ ಎರಡು ಬಿಗಿದು ಮನೆಯಿಂದ ಓಡಿಸುತ್ತಿದ್ದೆ. ಅಷ್ಟೇ. ನಂಬಿದರೆ ನಂಬಿ.

ಜೇಬಿನಿಂದ ರಾಣಿಯ ಕೀ ತೆಗೆದು ಅವನ ಮುಂದೆ ಹಿಡಿದೆ.

"ಸೇತುವೆ ಆಚೆ ಅಂಗಡಿಯಿಂದ ಕತ್ತೆಗೆ ಒಂದು ಪಾರ್ಟ್ ತರ್ಬೇಕು. ನನಗೆ ಕೈ ನೋವು. ನೀನೇ ಹೋಗ್ಬಾ."

"ರಾಣೀಲಾ?... ನಾನಾ?"

"ಹೂಂ. ಧೂಳು ಜಾಸ್ತಿ, ಗಾಜು ಏರಿಸ್ಕೋ."

ಅವನು ಕೀ ಕಿತ್ತುಕೊಂಡ. ಅಡುಗೆಮನೆಯಿಂದ ಹೆಂಡತಿ ಓಡಿಬಂದಳು.

"ಅಂತೂ ದೊಡ್ಡ ಮನಸ್ಸು ಮಾಡಿದ್ರಲ್ಲ!"

ಗೇಟಿನವರೆಗೂ ಹೋಗಿ ತಮ್ಮನಿಗೆ ಕೈ ಬೀಸಿ ಬಂದಳು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಕಾಫಿ ಮಾಡಿಕೊಟ್ಟಳು. ಲೋಟ ಹಿಡಿದು ಅಂಗಳಕ್ಕೆ ಬಂದೆ.

ಫೋನ್ ಬಡಿದುಕೊಂಡಿತು.

"ಭಾವ! ಹಿಂದೆ ಒಂದು ಲಾರಿ... ಬಿಡ್ತಾನೇ ಇಲ್ಲ!"

"ಸ್ಪೋರ್ಟ್ಸ್ ಕಾರು ಕಣೋ. ಓಡ್ಸು!"

"ಓಡಿಸ್ತಾ ಇದೀನಿ... ಅಯ್ಯೋ, ಗುದ್ದಿದ! ಹಿಂದ್ಗಡೆ ಬಂಪರ್ ಹೋಯ್ತು ಭಾವ!"

ಆಗಲೂ ಅವನಿಗೆ ಗಾಡಿಯದೇ ಚಿಂತೆ.

"ಮುಂದೆನೂ ಒಂದು ಅಡ್ಡ ನಿಂತಿದೆ! ಏನ್ಮಾಡ್ಲಿ?... ಭಾವ, ಏನ್ಮಾಡ್ಲಿ?"

"ಬ್ರೇಕ್ ಒತ್ತು," ಅಂದೆ. "ಆ ಗಾಡೀಲಿ ಬ್ರೇಕ್ ಇದೆ."

ಅವನಿಗೆ ಅರ್ಥವಾಗಿತ್ತು.

"ತಪ್ಪಾಯ್ತು ಭಾವ... ಅಕ್ಕನ ಮುಖ ನೋಡಿ..."

"ನಿನ್ನ ಬೆಡ್‌ಶೀಟು ಒಗೆಯೋಕೆ ಹಾಕಿಸ್ತೀನಿ."

ತಗಡು ಹರಿಯುವ ಸದ್ದು. ಗಾಜು... ಕೂಗು... ಕೊನೆಗೆ ನೀರು.

ಕಾಫಿ ಆರಿತ್ತು. ಕುಡಿದೆ.

ಸಂಜೆಯೇ ಪೊಲೀಸರು ಬೆಳ್ಳಿಹಲ್ಲನ್ನು ಎತ್ತಿಕೊಂಡು ಹೋದರು. ಅವನ ಬೆದರಿಕೆಯ ಬಗ್ಗೆ ಹೇಳಿಕೆ ಕೊಡಲು ನಾನೇ ಹೋಗಿದ್ದೆ. ಅವರ ಮುಂದೆ ಚೆನ್ನಾಗಿಯೇ ಅತ್ತುಬಿಟ್ಟೆ.

"ಅವತ್ತೇ ಯಾಕೆ ಕೀ ಕೊಟ್ರಿ?" ಹೆಂಡತಿ ಈಗಲೂ ಕೇಳುತ್ತಾಳೆ.

"ನೀನೇ ತಾನೇ ಕೊಡಿ ಅಂತಿದ್ದದ್ದು?" ಅನ್ನುತ್ತೇನೆ.

ಮೊನ್ನೆ ಒಗೆದ ಬಟ್ಟೆ ಮಡಚುತ್ತಿದ್ದವಳು ಆ ನೀಲಿ ಬೆಡ್‌ಶೀಟನ್ನು ತೊಡೆಯ ಮೇಲೆ ಹರಡಿಕೊಂಡು ಕೂತುಬಿಟ್ಟಳು. ಆಯಿಲ್ ಕಲೆ ಪೂರ್ತಿ ಹೋಗಿರಲಿಲ್ಲ. ಅದನ್ನೇ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೆಡ್‌ಶೀಟನ್ನು ಮಡಚಿ ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಕತ್ತೆಗೆ ಹೊಸ ಬ್ರೇಕ್ ಹಾಕಿಸಿದ್ದೇನೆ. ದಿನಾ ಅದರಲ್ಲೇ ಆಫೀಸಿಗೆ. ಮೈಲೇಜ್ ಚೆನ್ನಾಗಿದೆ... ಹೊರಡುವ ಮುಂಚೆ ಮಾತ್ರ, ಪ್ರತಿದಿನ, ನೆಲದ ಮೇಲೆ ಅಂಗಾತ ಮಲಗಿ ಪೈಪು ನೋಡಿಕೊಳ್ಳುತ್ತೇನೆ!